ನಾಳೆ ಬೆಳಿಗ್ಗೆ ಬನ್ನಿ

ಎರಡು ವರ್ಷದ ಹಿಂದೆ ಒಂದು ಪ್ರೋಗ್ರಾಮಿನಲ್ಲಿ ಆರು ಅಂತ ಇದ್ದದ್ದನ್ನು ಐದು ಮಾಡಿದೆ. ಒಂದೇ ಅಂಕಿ. ಟೆಸ್ಟ್ ಮಾಡಲಿಲ್ಲ. ಮಾಡೋಕೆ ಏನಿದೆ ಇದರಲ್ಲಿ ಅನ್ನಿಸಿತ್ತು. ಮಾರನೇ ದಿನ ಮಧ್ಯಾಹ್ನ ಹನ್ನೊಂದೂವರೆಗೆ ಮಾವನ ಫೋನ್ ಬಂತು. ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ, ಎತ್ತಲಿಲ್ಲ. ಮತ್ತೆ ಬಂತು, ಎತ್ತಲಿಲ್ಲ. ಮೂರನೇ ಸಲ ಹೊರಗೆ ಹೋಗಿ ಎತ್ತಿದೆ. "ಏನಪ್ಪಾ, ನಿನ್ನ ಮೆಸೇಜು ಎಲ್ಲರಿಗೂ ನಾಳೆ ಬನ್ನಿ ಅಂತ ಹೇಳಿದೆಯಂತೆ. ಹುಳು ಇವತ್ತು ಎದ್ದಿದೆ ಇಲ್ಲಿ" ಅಂದರು.

ಈ ಮಾತು ಅರ್ಥ ಆಗಬೇಕಾದರೆ ಮೊದಲು ನಮ್ಮೂರಿನ ಕಸುಬು ಹೇಳಬೇಕು.

ನಮ್ಮದು ಶಿಡ್ಲಘಟ್ಟ ತಾಲೂಕಿನ ಒಂದು ಹಳ್ಳಿ. ಮನೆಯಲ್ಲಿ ಅರ್ಧ ತೆಲುಗು, ಶಾಲೆಯಲ್ಲಿ ಕನ್ನಡ, ಗೂಡಿನ ಮಾರ್ಕೆಟ್ಟಿನಲ್ಲಿ ಉರ್ದು ಸೇರಿಸಿ ಮೂರೂ. ರಾಮನಗರ ಬಿಟ್ಟರೆ ರೇಷ್ಮೆ ಗೂಡಿಗೆ ಹೆಸರಾದ ದೊಡ್ಡ ಮಾರುಕಟ್ಟೆ ನಮ್ಮದೇ. ನನ್ನ ಓದಿನ ಖರ್ಚೆಲ್ಲ ಬಂದದ್ದು ಹುಳುವಿನಿಂದ. ಚಿಕ್ಕಬಳ್ಳಾಪುರಕ್ಕೆ ಬಸ್ಸಿನಲ್ಲಿ ಓಡಾಡಿಕೊಂಡು ಬಿಇ ಮಾಡಿದೆ, ಒಂದೊಂದು ಸೆಮಿಸ್ಟರಿನ ಫೀಸಿಗೆ ಒಂದೊಂದು ಬೆಳೆ. ಹಾಗಾಗಿ ಬೆಳೆ ಹೋಯ್ತು ಅಂದ್ರೆ ಏನು ಅಂತ ನನಗೆ ಯಾರೂ ವಿವರಿಸಿ ಹೇಳಬೇಕಿಲ್ಲ.

ಹುಳು ಸಾಕಾಣಿಕೆ ಗೊತ್ತಿಲ್ಲದವರಿಗೆ ಎರಡು ಮಾತು. ಮೊಟ್ಟೆಯೊಡೆದ ಹುಳು ಗೂಡು ಕಟ್ಟುವ ಹೊತ್ತಿಗೆ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಜ್ವರಕ್ಕೆ ಕೂತ ಹುಳು ತಿನ್ನಲ್ಲ, ತಲೆ ಎತ್ತಿಕೊಂಡು ಸುಮ್ಮನೆ ಕೂತಿರುತ್ತೆ. ಎದ್ದ ಮೇಲೆ ಮಾತ್ರ ಸೊಪ್ಪು ಬೇಕೇ ಬೇಕು. ಮೊದಲ ಎರಡು ಜ್ವರದವರೆಗಿನ ಎಳೆ ಹುಳುವಿಗೆ ಚಾಕಿ ಅಂತ ಹೆಸರು. ಬಿಸಿ, ತೇವ, ಕತ್ತರಿಸಿದ ಎಳೆ ಸೊಪ್ಪು ಎಲ್ಲ ಲೆಕ್ಕಾಚಾರವಾಗಿ ನಡೆಯಬೇಕು. ಮೊದಲೆಲ್ಲ ಮನೆಯಲ್ಲೇ ಚಾಕಿ ಕಟ್ಟುತ್ತಿದ್ದರು. ಈಗ ಚಾಕಿ ಸಾಕಾಣಿಕೆ ಕೇಂದ್ರಗಳಿವೆ. ಅಲ್ಲಿ ಏಳೆಂಟು ದಿನ ಸಾಕಿ, ಎರಡನೇ ಜ್ವರಕ್ಕೆ ಕೂತಾಗ ರೈತರಿಗೆ ಕೊಡುತ್ತಾರೆ. ರೈತರು ಬುಟ್ಟಿಯಲ್ಲೋ ಟ್ರೇಯಲ್ಲೋ ಮನೆಗೆ ಒಯ್ಯುತ್ತಾರೆ, ಹುಳು ಅಲ್ಲಿ ಎಚ್ಚರಾಗುತ್ತದೆ. ಅಂಥ ಒಂದು ಕೇಂದ್ರ ನಮ್ಮ ಮಾವನದು, ಅಂದ್ರೆ ಅಮ್ಮನ ತಮ್ಮನದು.

ಇನ್ನೊಂದು ಹಳೆ ಕತೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ಯಾರೋ ಒಬ್ಬರ ಹತ್ತಿರ ಕಡಿಮೆ ಬೆಲೆಗೆ ಮೊಟ್ಟೆ ತಂದರು. ಎರಡನೇ ಜ್ವರದವರೆಗೆ ಏನೂ ಗೊತ್ತಾಗಲಿಲ್ಲ. ಮೂರನೆಯದಕ್ಕೆ ಹುಳುಗಳಲ್ಲಿ ಏರುಪೇರು ಕಾಣಿಸಿತು, ಕೆಲವು ದಪ್ಪ, ಕೆಲವು ಸಣ್ಣ. ನಾಲ್ಕನೆಯದಕ್ಕೆ ಅರ್ಧ ಏಳಲೇ ಇಲ್ಲ. ಐದನೇ ಹಂತದಲ್ಲಿ ಹುಳು ತಿನ್ನುವ ಸೊಪ್ಪು ಅಷ್ಟಿಷ್ಟಲ್ಲ, ಇಡೀ ಬೆಳೆಯ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ಆ ಒಂದು ವಾರದಲ್ಲೇ ಖರ್ಚಾಗುತ್ತೆ. ಅಪ್ಪ ಅಷ್ಟನ್ನೂ ಹಾಕಿದರು, ಪಕ್ಕದ ತೋಟದಿಂದ ಸಾಲಕ್ಕೆ ತಂದೂ ಹಾಕಿದರು. ಕೊನೆಗೆ ಗುಂಡಿ ತೋಡಿ ಎಲ್ಲ ಮುಚ್ಚಿದೆವು. ಗಂಟುರೋಗ. "ಮೊಟ್ಟೆಯಲ್ಲೇ ಬಂದಿತ್ತು ಕಣೋ" ಅಂದರು ಅಪ್ಪ. ಬೈದುಕೊಂಡದ್ದು ತನ್ನನ್ನೇ.

ಮೊಟ್ಟೆಯಲ್ಲೇ ಬರೋದನ್ನು ಹಿಡಿಯೋದು ಹೇಗೆ ಅಂತ ನಾನು ನೋಡಿದ್ದು ಬಿಇ ಮಾಡುವಾಗ. ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜಿನಲ್ಲಿ ಓದುತ್ತಿದ್ದ ಗೆಳೆಯನೊಬ್ಬ ಒಂದು ಬಿತ್ತನೆ ಕೋಠಿಗೆ ಕರೆದುಕೊಂಡು ಹೋಗಿದ್ದ. ಹೆಣ್ಣು ಚಿಟ್ಟೆಗಳನ್ನು ಒಂದೊಂದಾಗಿ ಬೇರೆ ಬೇರೆ ಬಟ್ಟಲಿನ ಕೆಳಗೆ ಮುಚ್ಚಿ ಮೊಟ್ಟೆ ಇಡಿಸುತ್ತಾರೆ. ಒಂದು ಚಿಟ್ಟೆ ಸುಮಾರು ನಾನೂರು ಐನೂರು ಮೊಟ್ಟೆ ಇಡುತ್ತೆ. ಆಮೇಲೆ ಆ ತಾಯಿ ಚಿಟ್ಟೆಯನ್ನು ಅರೆದು, ಒಂದು ಹನಿ ಗಾಜಿನ ಮೇಲೆ ಹಾಕಿ, ಸುಮಾರು 600 ಪಟ್ಟು ದೊಡ್ಡದು ಮಾಡಿ ತೋರಿಸುವ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹೊಳೆಯುವ ಅಕ್ಕಿಕಾಳಿನಂಥ ಕಣ ಕಂಡಿತೋ, ಆ ತಾಯಿಯ ಮೊಟ್ಟೆಯಷ್ಟೂ ಸುಡುವುದಕ್ಕೆ. ಪಕ್ಕದ ಬಟ್ಟಲಿನದಕ್ಕೆ ಏನೂ ತೊಂದರೆಯಿಲ್ಲ, ಯಾಕಂದ್ರೆ ಅದು ಮೊದಲಿಂದಲೇ ಬೇರೆ ಇತ್ತು.

ಇದನ್ನು ಕಂಡುಹಿಡಿದದ್ದು ಲೂಯಿ ಪಾಶ್ಚರ್. 1865ರಲ್ಲಿ ಫ್ರಾನ್ಸಿನ ರೇಷ್ಮೆ ಸೀಮೆಗೆ ಹೋದಾಗ ಆತನಿಗೆ ಹುಳುವಿನ ಬಗ್ಗೆ ಏನೂ ಗೊತ್ತಿರಲಿಲ್ಲವಂತೆ. ಐದು ವರ್ಷ ಅದರ ಹಿಂದೆ ಬಿದ್ದು 1870ರಲ್ಲಿ ಪುಸ್ತಕ ಬರೆದ. ಹುಳು ಸಾಯುವಾಗ ಔಷಧಿ ಹುಡುಕಿ ಪ್ರಯೋಜನವಿಲ್ಲ, ತಾಯಿಯನ್ನು ಒಂಟಿಯಾಗಿ ಇಟ್ಟು ಮೊದಲೇ ನೋಡಬೇಕು ಅನ್ನೋದು ಅದರ ಸಾರ.

ಆವತ್ತು ನನಗೆ ಯೂನಿಟ್ ಟೆಸ್ಟ್ ಅನ್ನುವ ಶಬ್ದ ಗೊತ್ತಿತ್ತು, ಪರೀಕ್ಷೆಗೆ ಎರಡು ಮಾರ್ಕಿನ ಉತ್ತರ ಬಾಯಿಪಾಠ ಮಾಡಿದ್ದೆ. "ಪ್ರೋಗ್ರಾಮಿನ ಅತಿ ಚಿಕ್ಕ ಭಾಗವನ್ನು ಉಳಿದವುಗಳಿಂದ ಬೇರ್ಪಡಿಸಿ ಪರೀಕ್ಷಿಸುವುದು." ಕೋಠಿಯಲ್ಲಿ ಕಣ್ಣೆದುರೇ ಅದು ನಡೆಯುತ್ತಿದ್ದರೂ ಎರಡೂ ಒಂದೇ ಅಂತ ಹೊಳೆಯಲಿಲ್ಲ. ಹೊಳೆಯೋಕೆ ಹತ್ತು ವರ್ಷ ಮೇಲೆ ಬೇಕಾಯ್ತು.

ಈಗ ಆ ಆರು-ಐದರ ವಿಷಯ.

ಮಾವನ ಹತ್ತಿರ ಚಾಕಿ ಬುಕ್ ಮಾಡುವ ರೈತರು ಶಿಡ್ಲಘಟ್ಟ, ಚಿಂತಾಮಣಿ ಕಡೆಯವರು, ಗೌರಿಬಿದನೂರು ಕಡೆಯಿಂದಲೂ ಒಬ್ಬಿಬ್ಬರು. ಮೊಟ್ಟೆ ಒಡೆಯುವ ದಿನ ಒಂದು ದಿನ ಹಿಂದೆಮುಂದೆ ಆಗುತ್ತಿರುತ್ತೆ, ಆದ್ದರಿಂದ ಹುಳು ಕೊಡುವ ದಿನವನ್ನು ಮೊದಲೇ ಖಚಿತವಾಗಿ ಹೇಳೋಕಾಗಲ್ಲ. ಮಾವ ಎಲ್ಲರಿಗೂ ಹಿಂದಿನ ದಿನ ಫೋನ್ ಮಾಡುತ್ತಿದ್ದರು. "ನೀನು ಕಂಪ್ಯೂಟರ್ ಓದಿದೀಯ, ಇದಕ್ಕೇನಾದ್ರೂ ಮಾಡೋ" ಅಂದರು. ಒಂದು ಭಾನುವಾರ ಕೂತು ಪೈಥಾನಿನಲ್ಲಿ ಬರೆದುಕೊಟ್ಟೆ. ಮಾವ ಮೊಬೈಲಿನಲ್ಲಿ ಚಾಕಿ ಕಟ್ಟಿದ ದಿನ ಹಾಕುತ್ತಾರೆ. ಪ್ರೋಗ್ರಾಮ್ ಪ್ರತಿದಿನ ಬೆಳಿಗ್ಗೆ ಆರಕ್ಕೆ ಎದ್ದು, ನಾಳೆ ಯಾರ ಹುಳು ಕೊಡಬೇಕು ಅಂತ ನೋಡಿ, ಅವರಿಗೆ "ನಿಮ್ಮ ಹುಳು ಸಿದ್ಧವಾಗಿದೆ, ನಾಳೆ ಬೆಳಿಗ್ಗೆ ಬನ್ನಿ" ಅಂತ ಮೆಸೇಜ್ ಕಳಿಸುತ್ತೆ. ಎಂಟು ತಿಂಗಳು ಸರಿಯಾಗಿ ಓಡಿತು. ಊರಿನಲ್ಲಿ ನನಗೆ ಸ್ವಲ್ಪ ಹೆಸರೂ ಬಂತು.

ಆಮೇಲೆ ಮಾವ ಅಂದರು, "ಆರು ಗಂಟೆಗೆ ಎಲ್ಲ ಡೈರಿಗೆ ಹಾಲು ಹಾಕೋಕೆ ಹೋಗಿರ್ತಾರೆ, ಫೋನು ಮನೇಲಿರುತ್ತೆ. ಐದಕ್ಕೆ ಕಳಿಸು." ನಾನು ಆರನ್ನು ಐದು ಮಾಡಿದೆ.

ಸಾಫ್ಟ್‌ವೇರಿನವರಿಗೆ ಈಗಾಗಲೇ ವಾಸನೆ ಬಂದಿರಬೇಕು. ಪ್ರೋಗ್ರಾಮನ್ನು ಎಬ್ಬಿಸುವ ಶೆಡ್ಯೂಲರ್‌ಗೆ ಭಾರತದ ಸಮಯ ಅಂತ ಹೇಳಿದ್ದೆ. ಕೋಡ್ ಓಡುತ್ತಿದ್ದ ಸರ್ವರ್‌ಗೆ ಹೇಳಿರಲಿಲ್ಲ, ಅದು ಯುಟಿಸಿಯಲ್ಲಿತ್ತು. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮಗೆ ಬೆಳಿಗ್ಗೆ ಆರು ಅಂದ್ರೆ ಸರ್ವರ್‌ಗೆ ರಾತ್ರಿ ಹನ್ನೆರಡೂವರೆ, ತಾರೀಕು ಅದೇ. ನಮಗೆ ಬೆಳಿಗ್ಗೆ ಐದು ಅಂದ್ರೆ ಸರ್ವರ್‌ಗೆ ಇನ್ನೂ ರಾತ್ರಿ ಹನ್ನೊಂದೂವರೆ, ಹಿಂದಿನ ತಾರೀಕು. ಆ ಹಿಂದಿನ ತಾರೀಕಿಗೆ ಒಂದು ಕೂಡಿಸಿದರೆ ಬರೋದು ನಾಳೆ ಅಲ್ಲ, ಇವತ್ತು. ಇವತ್ತೇ ಹುಳು ಒಯ್ಯಬೇಕಾದವರಿಗೆ ಬೆಳಿಗ್ಗೆ ಐದಕ್ಕೆ "ನಾಳೆ ಬೆಳಿಗ್ಗೆ ಬನ್ನಿ" ಅಂತ ಹೋಯಿತು. ಅವರಿಗೆ ಹಿಂದಿನ ದಿನ ಆರು ಗಂಟೆಗೂ ಅದೇ ಮೆಸೇಜ್ ಹೋಗಿತ್ತು, ಇದು ಎರಡನೆಯದು. ದಿನ ಮುಂದಕ್ಕೆ ಹೋಗಿದೆ ಅಂದುಕೊಂಡರು.

ಏಳು ಜನ ಬರಬೇಕಿತ್ತು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದ ನಾಲ್ಕು ಜನ ಎರಡನೇ ಮೆಸೇಜು ಲೆಕ್ಕಕ್ಕಿಟ್ಟುಕೊಳ್ಳದೆ ಬಂದರು. ಇಬ್ಬರಿಗೆ ಮಾವ ಫೋನ್ ಮಾಡಿ, ಸಂಜೆಯೊಳಗೆ ಆಟೋ ಮಾಡಿಕೊಂಡು ಬಂದರು. ಒಬ್ಬರು ಮಾತ್ರ ಸಿಗಲಿಲ್ಲ. ಚಿಂತಾಮಣಿ ಆಚೆಯ ಹಳ್ಳಿಯ ಒಬ್ಬ ಅಮ್ಮ, ಗಂಡ ಇಲ್ಲ, ನೂರು ಮೊಟ್ಟೆಯ ಹುಳು. ಫೋನ್ ಸ್ವಿಚ್ ಆಫ್. ಮೆಸೇಜಿನ ಮಾತು ನಂಬಿ ಮಾರನೇ ದಿನ ಮೊದಲ ಬಸ್ಸಿಗೆ ಬುಟ್ಟಿ ಹಿಡಿದುಕೊಂಡು ಬಂದರಂತೆ. ಆ ಹೊತ್ತಿಗೆ ಹುಳು ಜ್ವರದಿಂದ ಎದ್ದು ಕಾದಿದ್ದವು. ಮಾವ ಕೈಲಾದಷ್ಟು ಸೊಪ್ಪು ಹಾಕಿದ್ದರು, ಆದರೆ ಮುಂದಿನ ಚಾಕಿಗೆ ಜಾಗ ಬೇಕು, ಸೊಪ್ಪು ಬೇಕು.

ಆ ಬೆಳೆಯಲ್ಲಿ ಆಕೆಗೆ ಅರವತ್ತು ಕಿಲೋಗಿಂತ ಮೇಲೆ ಬರಬೇಕಾದ ಗೂಡು ಮೂವತ್ತು ಚಿಲ್ಲರೆ ಬಂತು. ಮಾವ ಹೇಳ್ತಾರೆ, ಒಂದು ದಿನಕ್ಕೆ ಅಷ್ಟು ಏಟು ಬೀಳಲ್ಲ, ಅವರದು ಶೀಟಿನ ಮನೆ, ಆ ತಿಂಗಳು ಸೆಕೆ ಬೇರೆ ಇತ್ತು ಅಂತ. ಇರಬಹುದು. ನನಗೆ ಸಮಾಧಾನವಾಗಲಿ ಅಂತ ಹೇಳಿದ್ದೂ ಇರಬಹುದು.

ಆ ರಾತ್ರಿ ನಾನು ಮಾಡಿದ್ದು ಇಷ್ಟು: ಐದನ್ನು ಮತ್ತೆ ಆರು ಮಾಡಿದೆ. ರೈತರಿಗೆಲ್ಲ ಫೋನ್ ಮಾಡಿ ಅಂತ ಮಾವನಿಗೆ ಹೇಳಿದೆ. ಕೋಡ್ ಸರಿ ಮಾಡೋಕೆ ಕೈ ಹಾಕಲಿಲ್ಲ. ಗಾಬರಿಯಲ್ಲಿ ಒಂದು ಸಾಲು ಸರಿ ಮಾಡಿ ಇನ್ನೊಂದು ಕೆಡಿಸೋದು ನನಗೆ ಅಭ್ಯಾಸ ಇದೆ, ಹಾಗಾಗಿ.

ಶನಿವಾರ ಕೂತೆ. ಮೊದಲು ಸರಿ ಮಾಡಲಿಲ್ಲ, ಮೊದಲು ತಪ್ಪನ್ನು ಹಿಡಿಯುವ ಟೆಸ್ಟ್ ಬರೆಯಬೇಕು ಅಂತ ಹೊರಟೆ. ಬರೆಯೋಕಾಗಲಿಲ್ಲ! ಯಾಕಂದ್ರೆ ನನ್ನ ಪ್ರೋಗ್ರಾಮಿನಲ್ಲಿ ಇದ್ದದ್ದು ಒಂದೇ ಉದ್ದ ಫಂಕ್ಷನ್ನು. ಡೇಟಾಬೇಸಿನಿಂದ ಆರ್ಡರ್ ತರುತ್ತೆ, ಗಡಿಯಾರ ನೋಡುತ್ತೆ, ಲೆಕ್ಕ ಹಾಕುತ್ತೆ, ಮೆಸೇಜ್ ಕಳಿಸುತ್ತೆ, ಎಲ್ಲ ಒಂದೇ ಉಸಿರಿನಲ್ಲಿ. ಅದನ್ನು ಟೆಸ್ಟ್ ಮಾಡಬೇಕಾದರೆ ಬೆಳಿಗ್ಗೆ ಐದಕ್ಕೆ ಎದ್ದು ನಿಜವಾದ ರೈತನಿಗೆ ನಿಜವಾದ ಮೆಸೇಜ್ ಕಳಿಸಬೇಕು. ನೂರು ಚಿಟ್ಟೆಗಳನ್ನು ಒಂದೇ ಬಟ್ಟಲಿನ ಕೆಳಗೆ ಬಿಟ್ಟು ಯಾವುದರ ಮೊಟ್ಟೆ ಯಾವುದು ಅಂತ ಹುಡುಕಿದ ಹಾಗೆ. ಕೋಠಿ ನೆನಪಾದದ್ದು ಆಗಲೇ.

ಮೊದಲು ಬಟ್ಟಲು ಬೇರೆ ಮಾಡಿದೆ. ಲೆಕ್ಕದ ಭಾಗವನ್ನು ಒಂದು ಸಣ್ಣ ಫಂಕ್ಷನ್ ಮಾಡಿ ಹೊರಗೆ ತೆಗೆದೆ. ಅದಕ್ಕೆ ಎರಡೇ ವಸ್ತು ಕೊಡೋದು: ಈಗ ಎಷ್ಟು ಹೊತ್ತು, ಆರ್ಡರ್‌ಗಳು ಯಾವುವು. ಅದು ವಾಪಸ್ ಕೊಡೋದು ಒಂದೇ: ಯಾರಿಗೆ ಮೆಸೇಜ್ ಹೋಗಬೇಕು ಅನ್ನುವ ಪಟ್ಟಿ. ಅದರೊಳಗೆ ಡೇಟಾಬೇಸ್ ಇಲ್ಲ, ಮೆಸೇಜ್ ಇಲ್ಲ, ಮುಖ್ಯವಾಗಿ ಗಡಿಯಾರ ಇಲ್ಲ. ಸಮಯವನ್ನು ಫಂಕ್ಷನ್ ತಾನೇ ಹೋಗಿ ನೋಡಬಾರದು, ನಾವು ಕೈಗೆ ಕೊಡಬೇಕು. ನೀವು ಇವತ್ತಿನಿಂದಲೇ ಒಂದು ಅಭ್ಯಾಸ ಮಾಡಿಕೊಳ್ಳೋದಾದರೆ ಇದನ್ನೇ ಮಾಡಿಕೊಳ್ಳಿ ಅನ್ನುತ್ತೇನೆ. ನಿಮ್ಮ ಕೋಡಿನೊಳಗೆ ಎಲ್ಲೆಲ್ಲಿ "ಈಗ" ಅಂತ ಸಿಸ್ಟಮ್ಮನ್ನು ಕೇಳಿದ್ದೀರೋ ಹುಡುಕಿ ನೋಡಿ. ಅಷ್ಟೂ ಕಡೆ ಟೆಸ್ಟ್ ಬರೆಯೋಕಾಗಲ್ಲ, ಅಥವಾ ಬರೆದ ಟೆಸ್ಟ್ ಒಂದು ದಿನ ಪಾಸಾಗಿ ಇನ್ನೊಂದು ದಿನ ಫೇಲಾಗುತ್ತೆ. ಯಾದೃಚ್ಛಿಕ ಸಂಖ್ಯೆಗೂ ಇದೇ ಮಾತು.

ಆಮೇಲೆ ಟೆಸ್ಟ್ ಬರೆಯೋದು ಐದು ನಿಮಿಷದ ಕೆಲಸ. ಹನ್ನೊಂದನೇ ತಾರೀಕು, ನಮ್ಮ ಸಮಯ ಬೆಳಿಗ್ಗೆ ಐದು. ಹುಳು ಕೊಡಬೇಕಾದದ್ದು ಹನ್ನೆರಡಕ್ಕೆ. ಪಟ್ಟಿಯಲ್ಲಿ ಒಬ್ಬರು ಇರಬೇಕು. ಓಡಿಸಿದೆ. ಯಾರೂ ಇಲ್ಲ ಅಂತು, ಕೆಂಪು. ಆ ಕೆಂಪು ನೋಡಿ ಸಮಾಧಾನವಾಯಿತು ಅಂದ್ರೆ ನಗಬೇಡಿ. ಕೆಂಪು ಬರದೇ ಇದ್ದ ಟೆಸ್ಟನ್ನು ನಾನು ಈಗ ನಂಬಲ್ಲ. ತಪ್ಪು ಇರುವಾಗ ತಪ್ಪು ಅಂತ ಹೇಳಿದೆ ಅಂತ ಕಣ್ಣಾರೆ ನೋಡಿರಬೇಕು. ಆಮೇಲೆ ಒಂದು ಸಾಲು ತಿದ್ದಿದೆ, ಸಮಯವನ್ನು ಮೊದಲು ಭಾರತದ ಸಮಯಕ್ಕೆ ತಂದು ಆಮೇಲೆ ತಾರೀಕು ತೆಗೆಯೋದು. ಹಸಿರು.

ಅಲ್ಲಿಗೆ ನಿಲ್ಲಿಸಲಿಲ್ಲ. ತಪ್ಪು ವಾಸ ಮಾಡೋದು ಅಂಚಿನಲ್ಲಿ. ಬೆಳಿಗ್ಗೆ ಹತ್ತು ಗಂಟೆಗೆ ಓಡಿಸುವ ಟೆಸ್ಟ್ ನೂರು ಬರೆದರೂ ನನ್ನ ತಪ್ಪು ಸಿಗುತ್ತಿರಲಿಲ್ಲ. ಸಿಗೋದು ಐದು ಗಂಟೆ ಇಪ್ಪತ್ತೊಂಬತ್ತು ನಿಮಿಷ ಮತ್ತು ಐದೂವರೆ, ಈ ಎರಡರ ನಡುವೆ. ಹಾಗಾಗಿ ಅವೆರಡು ಟೆಸ್ಟ್, ರಾತ್ರಿ ಹನ್ನೊಂದು ಐವತ್ತೊಂಬತ್ತು, ರಾತ್ರಿ ಹನ್ನೆರಡು, ತಿಂಗಳ ಕೊನೆ, ಡಿಸೆಂಬರ್ 31, ಫೆಬ್ರವರಿ 28 ಮತ್ತು 29, ಒಂದೂ ಆರ್ಡರ್ ಇಲ್ಲದ ದಿನ, ಒಂದೇ ಫೋನ್ ನಂಬರಿನಲ್ಲಿ ಎರಡು ಆರ್ಡರ್. ಇಷ್ಟನ್ನೂ ಬೇರೆ ಬೇರೆ ಫಂಕ್ಷನ್ ಆಗಿ ಬರೆದರೆ ಕೈ ನೋಯುತ್ತೆ. ಪೈಟೆಸ್ಟ್‌ನಲ್ಲಿ, ಜೆಯೂನಿಟ್‌ನಲ್ಲಿ ಕೋಷ್ಟಕದ ಹಾಗೆ ಸಾಲು ಸಾಲು ಕೊಟ್ಟು ಒಂದೇ ಟೆಸ್ಟ್ ಓಡಿಸುವ ಸೌಲಭ್ಯ ಇದೆ, ಅದನ್ನೇ ಬಳಸಿ.

ಕೋಷ್ಟಕಕ್ಕೆ ಸರಿ ಉತ್ತರ ಎಲ್ಲಿಂದ ತರೋದು? ಇಲ್ಲಿ ಬಹಳ ಜನ ಜಾರುತ್ತಾರೆ, ನಾನೂ ಜಾರಿದ್ದೇನೆ. ಕೋಡ್ ಓಡಿಸಿ, ಬಂದ ಉತ್ತರವನ್ನೇ ಟೆಸ್ಟಿನಲ್ಲಿ ಅಂಟಿಸೋದು. ಅಥವಾ ಕೋಡಿನಲ್ಲಿರುವ ಸೂತ್ರವನ್ನೇ ಟೆಸ್ಟಿನಲ್ಲೂ ಬರೆಯೋದು. ಆಗ ಕೋಡ್ ತಪ್ಪಿದ್ದರೆ ಟೆಸ್ಟೂ ಅದೇ ತಪ್ಪನ್ನು ಒಪ್ಪಿಕೊಳ್ಳುತ್ತೆ. ನಾನು ಮಾವನ ಹಳೇ ನೋಟ್‌ಬುಕ್ಕು ಕೇಳಿದೆ. ಪ್ರೋಗ್ರಾಮ್ ಬರುವ ಮೊದಲು ಕೈಯಲ್ಲಿ ಬರೆದಿಟ್ಟದ್ದು, ಚಾಕಿ ಕಟ್ಟಿದ ದಿನ, ಹುಳು ಕೊಟ್ಟ ದಿನ. ನಲವತ್ತು ಸಾಲು ಎತ್ತಿಕೊಂಡು ಕೋಷ್ಟಕಕ್ಕೆ ಹಾಕಿದೆ.

ಮೂರು ಸಾಲು ಫೇಲಾದವು. ಮೂರೂ ಒಂದೇ ವಾರದವು, ಒಂದು ದಿನ ತಡ. ಮಾವನಿಗೆ ಫೋನ್ ಮಾಡಿದೆ.

"ಅವಾಗ ಮೂರು ದಿನ ಕರೆಂಟ್ ಇರಲಿಲ್ಲ ಕಣಪ್ಪಾ. ಹೀಟರ್ ಇಲ್ಲ, ಚಳಿ. ಹುಳು ಒಂದು ದಿನ ತಡವಾಗಿ ಜ್ವರಕ್ಕೆ ಕೂತವು."

"ಮತ್ತೆ ನನಗೆ ಹೇಳೇ ಇಲ್ಲ?"

"ಅದೇನು ಹೇಳೋದು, ಎಲ್ಲಾರ್ಗೂ ಗೊತ್ತಿರೋದೇ ಅಲ್ವಾ."

ಎಂಟು ತಿಂಗಳಲ್ಲಿ ಹಾಗಾದಾಗಲೆಲ್ಲ ಮಾವ ಸುಮ್ಮನೆ ಫೋನ್ ಮಾಡಿ ಸರಿ ಮಾಡಿಕೊಳ್ಳುತ್ತಿದ್ದರಂತೆ. ನಾನು ನೊಂದುಕೊಳ್ಳಬಾರದು ಅಂತ ಹೇಳಿರಲಿಲ್ಲ. ಈಗ ಪ್ರೋಗ್ರಾಮಿನಲ್ಲಿ ದಿನ ಮುಂದೂಡುವ ಒಂದು ಬಟನ್ ಇದೆ. ಅದನ್ನು ಕೇಳಿದ್ದು ಮಾವ ಅಲ್ಲ, ಫೇಲಾದ ಮೂರು ಸಾಲು.

ಕೋಠಿಯಲ್ಲಿ ಗೆಳೆಯ ಹೇಳಿದ್ದ ಇನ್ನೊಂದು ಮಾತೂ ಕೆಲಸಕ್ಕೆ ಬಂತು. ರೈತರಿಗೆ ಹೋಗುವ ಮೊಟ್ಟೆ ರಾಶಿ ರಾಶಿ, ಅಲ್ಲಿ ಪ್ರತಿ ಚಿಟ್ಟೆಯನ್ನೂ ನೋಡುತ್ತಾ ಕೂರೋಕಾಗಲ್ಲ, ಸ್ಯಾಂಪಲ್ ನೋಡುತ್ತಾರೆ. ಮುಂದಿನ ಪೀಳಿಗೆಯ ಬಿತ್ತನೆಗೆ ಇಡುವ ಮೂಲ ತಳಿಯಲ್ಲಿ ಮಾತ್ರ ಒಂದೊಂದು ಚಿಟ್ಟೆಯನ್ನೂ ಬಿಡದೆ ನೋಡುತ್ತಾರೆ. ನಾನೂ ಹಾಗೇ ಮಾಡಿದೆ. ತಾರೀಕಿನ ಲೆಕ್ಕ, ಹಣದ ಲೆಕ್ಕ, ಬೇರೆ ಹತ್ತು ಕಡೆಯಿಂದ ಕರೆಯುವ ಫಂಕ್ಷನ್, ಅವಕ್ಕೆ ಬಿಡದೆ ಟೆಸ್ಟ್. ಮೊಬೈಲಿನ ಪರದೆಯಲ್ಲಿ ಬಟನ್ನಿನ ಬಣ್ಣಕ್ಕೆ ಒಂದೂ ಬರೆಯಲಿಲ್ಲ.

ಇದೆಲ್ಲ ಕೇಳಿ ನಾನು ಆಫೀಸಿನಲ್ಲಿ ಟೆಸ್ಟ್ ಬರೆಯುತ್ತಿರಲಿಲ್ಲವೇ ಅಂತ ನೀವು ಕೇಳಬಹುದು. ಬರೆಯುತ್ತಿದ್ದೆ, ಅದೇ ನಾಚಿಕೆಯ ವಿಷಯ. ಆಗ ನಾನಿದ್ದ ಕಂಪನಿಯಲ್ಲಿ ಕವರೇಜ್ ಶೇಕಡಾ 90 ಇರಬೇಕು ಅಂತ ಗುರಿ ಇತ್ತು. ಗುರಿ ಇದ್ದ ಮೇಲೆ ಮುಟ್ಟುವ ದಾರಿಯೂ ಇರುತ್ತಲ್ಲ. ಫಂಕ್ಷನ್ನನ್ನು ಕರೆಯೋದು, ಏನು ವಾಪಸ್ ಬಂತು ಅಂತ ನೋಡದೇ ಬಿಡೋದು. ಸಾಲು ಓಡಿತು, ಕವರೇಜ್ ಬಂತು. ಇಲ್ಲವೇ ಡೇಟಾಬೇಸಿನಿಂದ ಹಿಡಿದು ಪಕ್ಕದ ಕ್ಲಾಸಿನವರೆಗೆ ಎಲ್ಲವನ್ನೂ ಮಾಕ್ ಮಾಡಿ, ಕೊನೆಗೆ ಮಾಕ್ ಹೇಳಿದ್ದನ್ನು ಮಾಕ್ ಹೇಳಿತಾ ಅಂತ ಪರೀಕ್ಷಿಸೋದು. ಬರೀ ವೇಷ.

ನಮ್ಮ ಟೀಮಿಗೆ ಹೊಸದಾಗಿ ಬಂದ ಒಬ್ಬರು, ಗೌರಿಬಿದನೂರಿನವರು, ದಿನಾ ರೈಲಿನಲ್ಲಿ ಓಡಾಡುವವರು, ನನ್ನ ಕೋಡ್ ರಿವ್ಯೂ ಮಾಡುತ್ತಾ ಕೇಳಿದ್ದರು: "ಈ ಟೆಸ್ಟ್ ಯಾವಾಗ ಫೇಲ್ ಆಗುತ್ತೆ ಹೇಳಿ." ನನಗೆ ಉತ್ತರ ಗೊತ್ತಿರಲಿಲ್ಲ. ಅವರು ನನ್ನ ಕೋಡಿನಲ್ಲಿ ಒಂದು ಕೂಡಿಸುವ ಚಿಹ್ನೆಯನ್ನು ಕಳೆಯುವ ಚಿಹ್ನೆ ಮಾಡಿ ಎಲ್ಲ ಟೆಸ್ಟ್ ಓಡಿಸಿದರು. ಎಲ್ಲ ಹಸಿರು. ಏನೂ ಹೇಳಲಿಲ್ಲ, ಚಿಹ್ನೆ ವಾಪಸ್ ಸರಿ ಮಾಡಿ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ಈ ಉಪಾಯ ಇವತ್ತೂ ಮಾಡುತ್ತೇನೆ, ದುಡ್ಡಿಲ್ಲ ಟೂಲ್ ಇಲ್ಲ, ಎರಡು ನಿಮಿಷ ಸಾಕು. ಬೇಕಂತಲೇ ಕೋಡ್ ಕೆಡಿಸಿ, ಯಾವ ಟೆಸ್ಟೂ ಕೂಗದಿದ್ದರೆ ಅಲ್ಲಿ ಟೆಸ್ಟ್ ಇಲ್ಲ ಅಂತ ಅರ್ಥ.

ಚಾಕಿಯ ಪ್ರೋಗ್ರಾಮಿನಲ್ಲಿ ಮಾಕ್ ಬಳಸಿದ್ದು ಒಂದೇ ಕಡೆ, ಮೆಸೇಜ್ ಕಳಿಸುವಲ್ಲಿ. ಅದೂ ಲೈಬ್ರರಿಯ ಮಾಕ್ ಅಲ್ಲ, ನಾನೇ ಬರೆದ ಹತ್ತು ಸಾಲಿನ ನಕಲಿ ಮೆಸೇಜ್ ಪೆಟ್ಟಿಗೆ. ಕಳಿಸು ಅಂದರೆ ಒಂದು ಪಟ್ಟಿಗೆ ಸೇರಿಸಿಕೊಳ್ಳುತ್ತೆ, ಆಮೇಲೆ ಆ ಪಟ್ಟಿ ನೋಡಿದರಾಯಿತು.

ಇನ್ನು ಯಾರದೋ ಹಳೇ ಕೋಡು ನಿಮ್ಮ ತಲೆಗೆ ಬಿದ್ದಿದ್ದರೆ, ನಮ್ಮಲ್ಲಿ ಮುಕ್ಕಾಲು ಜನರ ಕೆಲಸ ಅದೇ ತಾನೆ, ಮೈಕೆಲ್ ಫೆದರ್ಸ್ 2004ರಲ್ಲಿ ಬರೆದ ಪುಸ್ತಕ ಇದೆ, ಹಳೇ ಕೋಡಿನ ಮೇಲೆ ಕೆಲಸ ಮಾಡೋದು ಹೇಗೆ ಅಂತ. ಟೆಸ್ಟ್ ಇಲ್ಲದ ಕೋಡೇ ಹಳೇ ಕೋಡು ಅನ್ನೋದು ಆತನ ವ್ಯಾಖ್ಯೆ. ಮುಟ್ಟುವ ಮೊದಲು, ಅದು ಈಗ ಏನು ಮಾಡುತ್ತಿದೆಯೋ ಹಾಗೇ ಹಿಡಿದಿಡುವ ಟೆಸ್ಟ್ ಬರೆಯಿರಿ ಅಂತಾನೆ, ಅದು ಸರಿಯೋ ತಪ್ಪೋ ಆಮೇಲೆ ನೋಡೋಣ. ಕೋಡಿನ ಉತ್ತರವನ್ನೇ ಟೆಸ್ಟಿಗೆ ಅಂಟಿಸಬೇಡಿ ಅಂತ ಮೇಲೆ ಹೇಳಿದೆನಲ್ಲ, ಅದಕ್ಕೆ ಇದೊಂದು ವಿನಾಯಿತಿ. ನಾನು ಆರು ಗಂಟೆಗೆ ಓಡುವ ಪ್ರೋಗ್ರಾಮಿಗೆ ಇಂಥದ್ದೊಂದು ಬರೆದಿಟ್ಟಿದ್ದರೆ ಐದು ಮಾಡುವಾಗ ಸಿಗುತ್ತಿತ್ತಾ? ಖಂಡಿತ ಅನ್ನೋಕೆ ಧೈರ್ಯವಿಲ್ಲ. ಸಮಯವನ್ನು ಹೊರಗಿಂದ ಕೊಡುವ ಹಾಗೆ ಬರೆದಿದ್ದರೆ, ಅದಕ್ಕೆ ಏನೇನು ಕೊಡಬಹುದು ಅಂತ ಯೋಚಿಸುವಾಗ ಐದೂವರೆಯ ಅಂಚು ಕಣ್ಣಿಗೆ ಬೀಳುತ್ತಿತ್ತೇನೋ.

ಯೂನಿಟ್ ಟೆಸ್ಟಿಗೆ ಸಿಗದ್ದೂ ಇದೆ. ಶೆಡ್ಯೂಲರ್ ಒಂದು ಸಮಯ, ಸರ್ವರ್ ಇನ್ನೊಂದು ಸಮಯ, ಈ ಜೋಡಣೆಯ ತಪ್ಪು ಯಾವ ಚಿಕ್ಕ ಭಾಗದ ಒಳಗೂ ಇಲ್ಲ. ರೋಗವಿಲ್ಲದ ಮೊಟ್ಟೆ ತಂದರೂ ಹುಳುಮನೆಗೆ ಬ್ಲೀಚಿಂಗ್ ಪುಡಿ ಹಾಕಿ ತೊಳೆಯದಿದ್ದರೆ ಸುಣ್ಣಕಟ್ಟು ಬರುತ್ತೆ, ಹಾಲುತೊಂಡೆ ಬರುತ್ತೆ. ಹಾಗಾಗಿ ಇಡೀ ಪ್ರೋಗ್ರಾಮನ್ನು ನಿಜವಾದ ಸರ್ವರಿನಲ್ಲೇ ಓಡಿಸಿ ನನ್ನ ಫೋನಿಗೇ ಮೆಸೇಜ್ ಕಳಿಸುವ ಪರೀಕ್ಷೆ ಒಂದೇ ಒಂದು ಇಟ್ಟಿದ್ದೇನೆ. ಅದು ನಿಧಾನ, ದಿನಕ್ಕೊಮ್ಮೆ. ಯೂನಿಟ್ ಟೆಸ್ಟ್ ಎಪ್ಪತ್ತು ಚಿಲ್ಲರೆ ಇವೆ, ಎಲ್ಲ ಸೇರಿ ಒಂದು ಸೆಕೆಂಡ್ ಒಳಗೆ ಮುಗಿಯುತ್ತವೆ. ಬೇಗ ಮುಗಿಯೋದು ಮುಖ್ಯ, ಇಲ್ಲದಿದ್ದರೆ ಓಡಿಸೋಕೆ ಬೇಜಾರಾಗಿ ಬಿಟ್ಟುಬಿಡುತ್ತೇವೆ. ಜೆಯೂನಿಟ್ಟನ್ನು ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ 1997ರಲ್ಲಿ ಜ್ಯೂರಿಕ್‌ನಿಂದ ಅಟ್ಲಾಂಟಾಗೆ ಹೋಗುವ ವಿಮಾನದಲ್ಲಿ ಕೂತು ಬರೆದರು ಅಂತಾರೆ. ನಾನು ಈ ಎಪ್ಪತ್ತರಲ್ಲಿ ಅರ್ಧ ಬರೆದದ್ದು ಹೆಬ್ಬಾಳದಿಂದ ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ. ಬಾಗೇಪಲ್ಲಿಗೆ ಹೋಗುವ ಅಜ್ಜನೊಬ್ಬರು ಅದೇನು ಕೆಂಪು ಹಸಿರು ಅಂತ ಕೇಳಿದ್ದರು, ಹೇಳೋಕೆ ಪ್ರಯತ್ನಿಸಿ ಸೋತೆ.

ಟೆಸ್ಟಿಗೆ ಹೆಸರಿಡುವ ವಿಷಯ ಒಂದು ಬಿಟ್ಟುಹೋಯಿತು. ಟೆಸ್ಟ್ ಒಂದು, ಟೆಸ್ಟ್ ಎರಡು ಅಂತ ಇಡಬೇಡಿ. ಫೇಲಾದಾಗ ಹೆಸರು ಓದಿದರೇ ಏನಾಯಿತು ಅಂತ ಗೊತ್ತಾಗಬೇಕು. ಪೈಥಾನಿನಲ್ಲಿ ಕನ್ನಡ ಅಕ್ಷರದಲ್ಲೇ ಫಂಕ್ಷನ್ ಹೆಸರು ಬರೆಯಬಹುದು, ನಾನು ಬರೆದಿದ್ದೇನೆ. ಮುಂದೆ ಯಾರಾದರೂ ಈ ಕೋಡ್ ನೋಡಿಕೊಳ್ಳೋದಾದರೆ ಅದು ಮಾವನ ಮಗನೇ, ಈಗ ಪಿಯುಸಿಯಲ್ಲಿದ್ದಾನೆ.

ಚಿಂತಾಮಣಿ ಆಚೆಯ ಆ ಅಮ್ಮನ ಮನೆಗೆ ಹೋಗಿದ್ದು ಮುಂದಿನ ತಿಂಗಳು. ಮಾವ ಬೇಡ ಅಂದಿದ್ದರು. "ಹೇಳಿ ಏನು ಮಾಡ್ತೀಯ, ಆಯಮ್ಮ ತನ್ನ ಹಣೆಬರಹ ಅಂದ್ಕೊಂಡು ಸುಮ್ನಿದಾಳೆ." ಅದೇ ನನಗೆ ತಡೆಯಲಾಗದ್ದು. ಅಪ್ಪ ಗುಂಡಿ ಮುಚ್ಚಿದ ದಿನ ಮೊಟ್ಟೆ ಕೊಟ್ಟವನು ಬಂದು ಹೇಳಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತೋ.

ಶೀಟಿನ ಮನೆ, ಒಂದು ಪಕ್ಕ ಹುಳುವಿನ ತಟ್ಟೆಗಳು. ಮೊಮ್ಮಗಳು ಟೀ ತಂದಳು. ಮೆಸೇಜ್ ಕಳಿಸೋದು ನಾನೇ ಮಾಡಿದ ಪ್ರೋಗ್ರಾಮು, ತಪ್ಪು ನನ್ನದು ಅಂತ ಹೇಳಿದೆ. ಬೆಳಿಗ್ಗೆ ಐದು, ಆರು, ಗಡಿಯಾರ ಎಲ್ಲ ವಿವರಿಸಿದೆ. ನಷ್ಟದ ದುಡ್ಡು ಅಂತ ಒಂದು ಕವರ್ ಕೊಟ್ಟೆ. ಆಕೆ ಅದನ್ನು ಬಿಚ್ಚಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ, ಗೂಡಿನಲ್ಲಿದ್ದ ದೇವರ ಫೋಟೋ ಪಕ್ಕ ಇಟ್ಟರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

"ನಾಯನಾ, ನನಗೆ ಓದಕ್ಕೆ ಬರಲ್ಲ" ಅಂದರು ಆಮೇಲೆ. "ಇವಳು ಸಾಯಂಕಾಲ ಸ್ಕೂಲಿಂದ ಬಂದು ಓದಿ ಹೇಳ್ತಾಳೆ. ನಾಳೆ ಬನ್ನಿ ಅಂತ ಬರೆದಿರ್ತೀಯ. ಯಾವತ್ತಿನ ನಾಳೆ? ನೀನು ಬೆಳಿಗ್ಗೆ ಕಳಿಸಿರ್ತೀಯ, ಇವಳು ಒಂದೊಂದ್ಸಲ ಮಾರನೇ ದಿನ ಓದ್ತಾಳೆ. ಮಂಗಳವಾರ ಬಾ, ಬುಧವಾರ ಬಾ ಅಂತ ಹಾಕಕ್ಕಾಗಲ್ವಾ?"

ನಮ್ಮ ಚಿಕ್ಕಂದಿನಲ್ಲಿ ದೆವ್ವ ಬರದಿರಲಿ ಅಂತ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದದ್ದು ನೆನಪಿದೆಯಾ? ನಾನು ಎಂಟು ತಿಂಗಳಿಂದ ರೈತರಿಗೆ ಅದನ್ನೇ ಕಳಿಸುತ್ತಿದ್ದೆ. ಮೆಸೇಜಿನಲ್ಲಿ ವಾರದ ಹೆಸರು ಇದ್ದಿದ್ದರೆ ಆ ದಿನ ನನ್ನ ಲೆಕ್ಕ ತಪ್ಪಿದ್ದರೂ ಏಳೂ ಜನ ಬರುತ್ತಿದ್ದರು. ನಲವತ್ತು ಸಾಲಿನ ಕೋಷ್ಟಕ ಮಾಡಿದವನಿಗೆ ಅದು ಹೊಳೆದಿರಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಮೊದಲ ಟೆಸ್ಟ್ ಬರೆದೆ. ಹೆಸರು: ಮೆಸೇಜಿನಲ್ಲಿ_ನಾಳೆ_ಅನ್ನೋ_ಪದ_ಇರಬಾರದು. ಓಡಿಸಿದೆ, ಕೆಂಪು. ಶಿಡ್ಲಘಟ್ಟ ಬರುವಷ್ಟರಲ್ಲಿ ಹಸಿರಾಯಿತು.